ಈ ಸಾಲು ಎಲ್ಲಿಂದ ಬಂತು? ಜಾಗ ಬದಲಿಸಿದ ಕೋಡಿನ ಮೂಲ ಹುಡುಕುವ ಕೈಪಿಡಿ

ಸೀಸನ್‌ನಲ್ಲಿ ದಾವಣಗೆರೆಯ ಎಪಿಎಂಸಿ ಯಾರ್ಡಿನಿಂದ ಬರುವ ಫೋನಿನಲ್ಲಿ ಸಾಮಾನ್ಯವಾಗಿ ಎರಡೇ ಮಾತು: ಬಿಲ್ ತಪ್ಪು ಬರ್ತಿದೆ, ಲಾರಿ ನಿಂತಿದೆ. ಕೋಡ್ ತೆಗೆದರೆ ತಪ್ಪಿನ ಸಾಲು ಬೇಗ ಸಿಗುತ್ತದೆ, ಆದರೆ ತಿದ್ದೋಕೆ ಧೈರ್ಯ ಸಾಲುವುದಿಲ್ಲ. ಮೆಕ್ಕೆಜೋಳದ ತೇವಾಂಶ 14 ದಾಟಿದರೆ ತೂಕದಲ್ಲಿ ಕಡಿತ ಎಂದು ಯಾರೋ ಬರೆದಿದ್ದಾರೆ. ಯಾಕೆ 14, ಕಡಿತ ಯಾವ ಲೆಕ್ಕದಲ್ಲಿ, ಯಾವ ಗಿರಾಕಿ ಹೇಳಿ ಹಾಕಿಸಿದ್ದು? ತಿಳಿಯದೆ ಮುಟ್ಟಿದರೆ ಇನ್ನೊಂದು ಮಂಡಿಯ ಲೆಕ್ಕ ಕೆಡುತ್ತದೆ. ಕೋಡಿನ ಹಳೆಯ ಆವೃತ್ತಿಗಳನ್ನೆಲ್ಲ ಇಟ್ಟುಕೊಳ್ಳುವ ಗಿಟ್‌ನಲ್ಲಿ, ಪ್ರತಿ ಸಾಲಿನ ಪಕ್ಕ ಒಂದು ಹೆಸರು ತೋರಿಸುವ ಬ್ಲೇಮ್ ಆಜ್ಞೆ ಹೊಡೆದರೆ ಬರೋದು ಕಳೆದ ತಿಂಗಳು ದೊಡ್ಡ ಕಡತವನ್ನು ಒಡೆದು ಜೋಡಿಸಿದ ಹುಡುಗನ ಹೆಸರು. ಅವನನ್ನು ಕೇಳಿದರೆ, "ಅಣ್ಣಾ, ನಾನು ಕಟ್ ಮಾಡಿ ಪೇಸ್ಟ್ ಮಾಡಿದ್ದಷ್ಟೇ, ಬರ್ದಿದ್ದು ನಾನಲ್ಲ" ಅಂತಾನೆ. ಅವನ ಮಾತು ನಿಜ.

ಬ್ಲೇಮ್ ತೋರಿಸುವುದು ಆ ಸಾಲನ್ನು ಈಗಿನ ಜಾಗದಲ್ಲಿ ಕೊನೆಗೆ ಇಟ್ಟವರನ್ನು. ಪಹಣಿಯಲ್ಲಿ ಈಗಿನ ಖಾತೆದಾರನ ಹೆಸರು ಇರುತ್ತದೆ, ಜಮೀನು ಅವನಿಗೆ ಹೇಗೆ ಬಂತು ಅನ್ನೋದಕ್ಕೆ ಮ್ಯುಟೇಶನ್ ತೆಗೆಸಬೇಕಲ್ಲ, ಹಾಗೆ. ಗಿಟ್‌ನಲ್ಲಿರುವ ತೊಡಕು ಏನೆಂದರೆ ಅಲ್ಲಿ ಮ್ಯುಟೇಶನ್ ಪುಸ್ತಕವೇ ಇಲ್ಲ. 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯುವಾಗಲೇ, ಕಡತದ ಹೆಸರು ಬದಲಾದದ್ದನ್ನಾಗಲಿ ಸಾಲು ಜಾಗ ಬದಲಿಸಿದ್ದನ್ನಾಗಲಿ ದಾಖಲಿಸುವುದು ಬೇಡ ಎಂದು ತೀರ್ಮಾನಿಸಿದ್ದರು. ಪ್ರತಿ ಕಮಿಟ್‌ನಲ್ಲಿ (ಬದಲಾವಣೆಯನ್ನು ಗಿಟ್‌ಗೆ ಒಪ್ಪಿಸಿದ ಪ್ರತಿ ಸಲದ ದಾಖಲೆ) ಉಳಿಯುವುದು ಆ ಹೊತ್ತಿನ ಇಡೀ ಯೋಜನೆಯ ಚಿತ್ರ. "ಇದು ಅಲ್ಲಿಂದ ಇಲ್ಲಿಗೆ ಬಂದಿದೆ" ಎಂಬುದನ್ನು ಗಿಟ್ ನೀವು ಕೇಳಿದ ಮೇಲೆ ಎರಡು ಚಿತ್ರ ಹೋಲಿಸಿ ಊಹಿಸುತ್ತದೆ. ಹಾಗಾಗಿ ಉತ್ತರ ತಪ್ಪಿದೆ ಅನಿಸಿದರೆ ಇತಿಹಾಸ ಹಾಳಾಗಿದೆ ಎಂದುಕೊಳ್ಳಬೇಡಿ, ಪ್ರಶ್ನೆ ಬದಲಿಸಿ ಕೇಳಿ.

ಆಜ್ಞೆಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನಲ್ಲಿ ಹೊಡೆಯಿರಿ. ಉದ್ಧರಣ ಚಿಹ್ನೆಯೊಳಗಿನ ಹುಡುಕುವ ಪದ ಮಾತ್ರ ಕಡತದಲ್ಲಿ ಇರುವಂತೆಯೇ ಇರಲಿ. ಒಂದೇ ಅಕ್ಷರದ ಆಯ್ಕೆಗಳಲ್ಲಿ -ಡಬ್ಲ್ಯೂ, ಮತ್ತು 'ಚಿಕ್ಕ ಎಂ' ಎಂದೇ ಹೇಳಿದ ಕಡೆ ಎಂ, ಇವೆರಡು ಮಾತ್ರ ಚಿಕ್ಕಕ್ಷರ. -ಎಂ, -ಸಿ, -ಎಲ್, -ಎಸ್, -ಜಿ ಎಲ್ಲವೂ ದೊಡ್ಡಕ್ಷರ. ಗಿಟ್‌ಗೆ ದೊಡ್ಡ ಎಂ ಬೇರೆ, ಚಿಕ್ಕ ಎಂ ಬೇರೆ.

## ಕೈ ಹಾಕುವ ಮುಂಚೆ

ಬ್ಲೇಮ್, ಲಾಗ್, ಶೋ, ಡಿಫ್ ಈ ನಾಲ್ಕೂ ಓದುವ ಆಜ್ಞೆಗಳು. ಎಷ್ಟು ಸಲ ಹೊಡೆದರೂ ಏನೂ ಕೆಡುವುದಿಲ್ಲ. ಅಪಾಯ ಇರುವುದು ಹಳೆಯ ಕೋಡ್ ನೋಡೋಣ ಅಂತ ಚೆಕ್‌ಔಟ್ ಮಾಡುವುದರಲ್ಲಿ, ಅಂದರೆ ಹಳೆಯ ಆವೃತ್ತಿಯನ್ನು ಕೆಲಸದ ಫೋಲ್ಡರಿಗೇ ತರುವುದರಲ್ಲಿ. ಅರ್ಧ ಬರೆದ ಕೆಲಸ ಅಡ್ಡ ಬರುತ್ತದೆ, ಇಲ್ಲವೇ ಯಾವ ಶಾಖೆಯಲ್ಲೂ ಇಲ್ಲದ ಸ್ಥಿತಿಯಲ್ಲಿ ಕಮಿಟ್ ಮಾಡಿ ಆಮೇಲೆ ಅದನ್ನು ಹುಡುಕಬೇಕಾಗುತ್ತದೆ. ಹಳೆಯ ಕಡತ ಬೇಕಿದ್ದರೆ ಗಿಟ್ ಶೋ ಕೊಟ್ಟು, ಕಮಿಟ್ ಸಂಖ್ಯೆ, ಕೋಲನ್, ಕಡತದ ದಾರಿ ಬರೆಯಿರಿ. ಪರದೆ ಮೇಲೆ ಬರುತ್ತದೆ, ಡಿಸ್ಕಿನ ಮೇಲೆ ಏನೂ ಬದಲಾಗುವುದಿಲ್ಲ. ಹಳೆಯ ಯೋಜನೆಯನ್ನು ಪೂರ್ತಿ ತೆರೆದು ನೋಡಲೇಬೇಕು ಎಂದರೆ ಬೇರೆ ಫೋಲ್ಡರಿಗೆ ಇನ್ನೊಂದು ಕ್ಲೋನ್ (ಇತಿಹಾಸ ಸಮೇತ ಯೋಜನೆಯ ನಕಲು) ತೆಗೆದುಕೊಳ್ಳಿ. ಅಲ್ಲಿಯೂ ಹಳೆಯ ಆವೃತ್ತಿಯನ್ನು ಗಿರಾಕಿಯ ಅಸಲಿ ಡೇಟಾಬೇಸ್‌ಗೆ ಜೋಡಿಸಿ ಓಡಿಸಬೇಡಿ.

ಇತಿಹಾಸವನ್ನೇ ತಿದ್ದುವ ಫಿಲ್ಟರ್-ರೆಪೊ, ಸರ್ವರಿನ ಇತಿಹಾಸದ ಮೇಲೆ ನಮ್ಮದನ್ನು ಹೇರುವ ಬಲವಂತದ ಪುಷ್ ಇವೆರಡಕ್ಕೂ ಮೂಲ ಹುಡುಕುವ ಕೆಲಸದಲ್ಲಿ ಜಾಗವಿಲ್ಲ. ಯಾರಾದರೂ ಸಲಹೆ ಕೊಟ್ಟರೆ ಅವರು ಬೇರೆ ಯಾವುದೋ ಸಮಸ್ಯೆಗೆ ಮದ್ದು ಹೇಳ್ತಿದ್ದಾರೆ.

## ಲಕ್ಷಣ: ಇಡೀ ಕಡತಕ್ಕೆ ಒಂದೇ ಹೆಸರು, ಒಂದೇ ದಿನಾಂಕ

ಮೊದಲು ಕಮಿಟ್ ಸಂಖ್ಯೆಯ ಮುಂದೆ ಟೋಪಿಯಂಥ ಗುರುತು (^) ಇದೆಯೇ ನೋಡಿ. ಇದ್ದರೆ, ಗಿಟ್‌ಗೆ ಅದಕ್ಕಿಂತ ಹಿಂದೆ ಹೋಗಲು ದಾರಿ ಇಲ್ಲ ಎಂದರ್ಥ. ಒಂದೋ ಅದು ಯೋಜನೆಯ ಮೊದಲ ಕಮಿಟ್, ಇಲ್ಲವೋ ನಿಮ್ಮ ಕ್ಲೋನ್ ಅರೆಬರೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಡೇಟಾ ಉಳಿಸೋಕೆ ಡೆಪ್ತ್ 1 (ಕೊನೆಯ ಕಮಿಟ್ ಮಾತ್ರ ಸಾಕು) ಎಂದು ಕೊಟ್ಟು ಕ್ಲೋನ್ ಮಾಡಿಕೊಂಡವರಿಗೆ ಇದು ಖಾಯಂ. ಪರೀಕ್ಷೆ ಸುಲಭ:

ಗಿಟ್ ರೆವ್-ಪಾರ್ಸ್ --ಈಸ್-ಶಾಲೋ-ರೆಪಾಸಿಟರಿ

ಟ್ರೂ ಎಂದು ಬಂದರೆ ಗಿಟ್ ಫೆಚ್ --ಅನ್‌ಶಾಲೋ ಹೊಡೆದು ಪೂರ್ತಿ ಇತಿಹಾಸ ತರಿಸಿಕೊಳ್ಳಿ. ಅಲ್ಲಿಯವರೆಗೆ ಕೆಳಗಿನ ಯಾವ ಪರೀಕ್ಷೆಗೂ ಬೆಲೆಯಿಲ್ಲ.

ಟೋಪಿ ಇಲ್ಲ, ಆದರೂ ಎಲ್ಲ ಸಾಲಿಗೂ ಒಂದೇ ಕಮಿಟ್ ಇದೆಯೇ? ಆಗ ಯಾರೋ ಟ್ಯಾಬನ್ನು ಸ್ಪೇಸ್ ಮಾಡಿದ್ದಾರೆ, ಅಥವಾ ವಿಂಡೋಸ್ ಯಂತ್ರದಿಂದ ಕಳಿಸುವಾಗ ಸಾಲಿನ ಕೊನೆಯ ಗುರುತು ಬದಲಾಗಿದೆ. ಗಿಟ್ ಬ್ಲೇಮ್ -ಡಬ್ಲ್ಯೂ ಖಾಲಿ ಜಾಗದ ವ್ಯತ್ಯಾಸಗಳನ್ನು ಬದಿಗಿಟ್ಟು ನೋಡುತ್ತದೆ. ಎರಡು ಸಂದರ್ಭಕ್ಕೂ ಇಷ್ಟೇ ಸಾಕು, ಹಳೆಯ ಹೆಸರುಗಳು ಮೇಲೆ ಬರುತ್ತವೆ.

-ಡಬ್ಲ್ಯೂ ಹಾಕಿದರೂ ಹೆಸರು ಬದಲಾಗದಿದ್ದರೆ ಸಾಲಿನೊಳಗಿನ ಅಕ್ಷರಗಳೇ ಬದಲಾಗಿವೆ. ಕೋಡಿನ ಬರವಣಿಗೆಯ ಶೈಲಿಯನ್ನು ತಾನೇ ಒಪ್ಪ ಮಾಡುವ ಫಾರ್ಮ್ಯಾಟರ್ ಓಡಿಸಿದ್ದು ಒಂದು ಕಾರಣ. ನಮ್ಮ ಕಡೆಯ ಹಳೆಯ ಯೋಜನೆಗಳಲ್ಲಿ ಇನ್ನೊಂದು ಕಾರಣವೂ ಸಿಗುತ್ತದೆ: ನುಡಿ ತಂತ್ರಾಂಶದ ಹಳೆಯ ಫಾಂಟ್ ಸಂಕೇತದಲ್ಲಿದ್ದ ಕನ್ನಡ ಪಠ್ಯವನ್ನೆಲ್ಲ ಒಂದೇ ಏಟಿಗೆ ಯೂನಿಕೋಡ್‌ಗೆ ತಿರುಗಿಸಿದ ಕಮಿಟ್. ಬಿಲ್ಲಿನ ತಲೆಬರಹ, ಸರಕಿನ ಹೆಸರು, ರಸೀತಿಯ ಒಕ್ಕಣೆ ಎಲ್ಲವೂ ಆ ದಿನ ಹೊಸದಾಗಿ ಹುಟ್ಟಿದಂತೆ ಕಾಣುತ್ತವೆ. ಇಂಥ ಕಮಿಟ್‌ಗಳ ಪೂರ್ತಿ ಸಂಖ್ಯೆಯನ್ನು ಒಂದು ಕಡತದಲ್ಲಿ ಬರೆದಿಟ್ಟು --ಇಗ್ನೋರ್-ರೆವ್ಸ್-ಫೈಲ್ ಆಯ್ಕೆಯಲ್ಲಿ ಕೊಡಬಹುದು, 2019ರ ಗಿಟ್ 2.23ರಿಂದ ಈ ಸೌಲಭ್ಯ ಇದೆ. ಆದರೆ ಇದೂ ಅಂದಾಜೇ, ಪಕ್ಕದ ಸಾಲಿನ ಹೆಸರು ಇಲ್ಲಿಗೆ ಅಂಟಿಕೊಳ್ಳುವುದುಂಟು. ಒಂದು ಕಡತದಿಂದ ಇನ್ನೊಂದು ಹೊಸ ಕಡತಕ್ಕೆ ದಾಟಿದ ಕೋಡ್‌ಗಂತೂ ಇದು ಉಪಯೋಗಕ್ಕೆ ಬಾರದು. ಅದಕ್ಕೆ ಮದ್ದು ಬೇರೆ.

## ಲಕ್ಷಣ: ಸಾಲು ಹಳೆಯದು, ಹೆಸರು ಮಾತ್ರ ಕಡತ ಒಡೆದವರದ್ದು

ಅತಿ ಹೆಚ್ಚು ಕಾಡುವ ಲಕ್ಷಣ ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಬಿಲ್ ಎಂಬ ದೊಡ್ಡ ಕಡತದಲ್ಲಿದ್ದ ತೇವಾಂಶ ಕಡಿತದ ಫಂಕ್ಷನ್ ಈಗ ತೂಕ ಎಂಬ ಹೊಸ ಕಡತದಲ್ಲಿದೆ ಎಂದುಕೊಳ್ಳಿ. ಇಡೀ ಕಡತಕ್ಕೆ ಬ್ಲೇಮ್ ಓಡಿಸಬೇಡಿ, ಅನುಮಾನದ ಸಾಲುಗಳಿಗೆ ಮಾತ್ರ ಓಡಿಸಿ:

ಗಿಟ್ ಬ್ಲೇಮ್ -ಡಬ್ಲ್ಯೂ -ಎಲ್ 40,62 ತೂಕ.ಪೈ

ಇದರ ಮೇಲೆ ಒಂದೊಂದೇ ಮೆಟ್ಟಿಲು ಏರಿ. -ಎಂ ಸೇರಿಸಿದರೆ ಒಂದೇ ಕಡತದೊಳಗೆ ಮೇಲಿಂದ ಕೆಳಗೆ ಸರಿದ ಸಾಲು ಸಿಗುತ್ತದೆ. -ಸಿ ಸೇರಿಸಿದರೆ ಅದೇ ಕಮಿಟ್‌ನಲ್ಲಿ ಮುಟ್ಟಿದ ಬೇರೆ ಕಡತಗಳಲ್ಲೂ ಹುಡುಕುತ್ತದೆ. ಕಟ್ ಮಾಡಿ ಪೇಸ್ಟ್ ಮಾಡಿದ್ದಕ್ಕೆ ಇಷ್ಟು ಸಾಕು, ಯಾಕೆಂದರೆ ಕಟ್ ಮಾಡಿದ ಕಡತವೂ ಅದೇ ಕಮಿಟ್‌ನಲ್ಲಿ ಬದಲಾಗಿರುತ್ತದೆ. ಕಾಪಿ ಮಾತ್ರ ಮಾಡಿದ್ದರೆ ಮೂಲ ಕಡತ ಬದಲಾಗಿರುವುದಿಲ್ಲ, ಆಗ ಒಂದು -ಸಿ ಕೈಕೊಡುತ್ತದೆ. ಎರಡು ಸಲ -ಸಿ ಕೊಟ್ಟರೆ, ಈ ಕಡತ ಹುಟ್ಟಿದ ಕಮಿಟ್‌ನಲ್ಲಿ ಯೋಜನೆಯ ಬೇರೆಲ್ಲ ಕಡತಗಳನ್ನೂ ಜಾಲಾಡುತ್ತದೆ. ಮೂರು ಸಲ ಕೊಟ್ಟರೆ ಪ್ರತಿ ಕಮಿಟ್‌ನಲ್ಲೂ ಎಲ್ಲ ಕಡತಗಳನ್ನೂ. ಮೂರನೆಯದು ದೊಡ್ಡ ಯೋಜನೆಯಲ್ಲಿ ತುಂಬಾ ನಿಧಾನ. -ಎಲ್ ಹಾಕಿ ಸಾಲು ಕಿರಿದು ಮಾಡಿಕೊಳ್ಳದೆ ಅದನ್ನು ಹೊಡೆದರೆ ಚಹಾ ಕುಡಿದು ಬಂದರೂ ಮುಗಿದಿರುವುದಿಲ್ಲ.

ಮೂರು -ಸಿ ಕೊಟ್ಟರೂ ಹೆಸರು ಬದಲಾಗಲಿಲ್ಲ ಎಂದರೆ ಸಾಲು ಚಿಕ್ಕದು ಎಂದು ಅನುಮಾನಿಸಿ. ಎಲ್ಲ ಕಡೆ ಸಿಗುವ ಆವರಣ ಚಿಹ್ನೆ, ರಿಟರ್ನ್ ಇಂಥವಕ್ಕೆಲ್ಲ ಸುಳ್ಳು ನಂಟು ಕಟ್ಟಬಾರದೆಂದು ಗಿಟ್ ಒಂದು ಮಿತಿ ಇಟ್ಟುಕೊಂಡಿದೆ. ಸರಿದ ತುಂಡಿನಲ್ಲಿ -ಎಂಗೆ ಕನಿಷ್ಠ 20, -ಸಿಗೆ ಕನಿಷ್ಠ 40 ಅಕ್ಷರ-ಅಂಕಿ ಹೊಂದಬೇಕು. ತೇವಾಂಶ 14ಕ್ಕಿಂತ ಹೆಚ್ಚೇ ಎಂದು ಕೇಳುವ ಒಂಟಿ ಸಾಲು ಆ ಮಿತಿ ಮುಟ್ಟುವುದೇ ಇಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಲ್ಲಿ ಇನ್ನೊಂದು ಗುಂಡಿ ಇದೆ. ಗಿಟ್ ಹೀಗೆ ಎಣಿಸುವಾಗ ಲೆಕ್ಕಕ್ಕೆ ಹಿಡಿಯುವುದು ಇಂಗ್ಲಿಷ್ ಅಕ್ಷರ ಮತ್ತು 0ರಿಂದ 9ರ ಅಂಕಿಗಳನ್ನು ಮಾತ್ರ. ಕನ್ನಡ ಅಕ್ಷರಕ್ಕೆ ಸಿಗುವುದು ಸೊನ್ನೆ. ರಸೀತಿಯ ಉದ್ದುದ್ದ ಕನ್ನಡ ವಾಕ್ಯಗಳ ಹತ್ತು ಸಾಲನ್ನು ಬೇರೆ ಕಡತಕ್ಕೆ ಒಯ್ದಿದ್ದರೂ ಗಿಟ್‌ನ ಕಣ್ಣಿಗೆ ಅದು ಹೆಚ್ಚುಕಡಿಮೆ ಖಾಲಿ. "ಕೋಡ್‌ಗೆ ಕೆಲಸ ಮಾಡುತ್ತೆ, ಕನ್ನಡ ಸಂದೇಶಗಳ ಕಡತಕ್ಕೆ ಮಾಡಲ್ಲ" ಎಂಬ ದೂರಿನ ಹಿಂದೆ ಇದೂ ಒಂದು ಕಾರಣ. ಮಿತಿಯನ್ನು ನೀವೇ ಇಳಿಸಬಹುದು: -ಸಿ ಪಕ್ಕದಲ್ಲಿ ಅಂಟಿಸಿ 1 ಬರೆಯಿರಿ. ಹಲವು -ಸಿ ಇದ್ದರೆ ಕೊನೆಯದರ ಪಕ್ಕದ ಅಂಕಿಯೇ ನಡೆಯುವುದು.

ಗಿಟ್ ಬ್ಲೇಮ್ -ಡಬ್ಲ್ಯೂ -ಸಿ -ಸಿ -ಸಿ1 -ಎಲ್ 40,62 ಸಂದೇಶ.ಪೈ

ಮಿತಿ ಇಳಿಸಿದಷ್ಟೂ ಸುಳ್ಳು ನಂಟು ಹೆಚ್ಚುತ್ತದೆ. ಹಾಗಾಗಿ ಸಿಕ್ಕ ಕಮಿಟ್ಟನ್ನು ನಂಬುವ ಮುಂಚೆ ಗಿಟ್ ಶೋ --ಕಲರ್-ಮೂವ್ಡ್=ಪ್ಲೇನ್ ಕೊಟ್ಟು ಕಣ್ಣಾರೆ ನೋಡಿ. ಜಾಗ ಬದಲಿಸಿದ ಸಾಲುಗಳು ಬೇರೆಯೇ ಬಣ್ಣದಲ್ಲಿ ಬರುತ್ತವೆ, ನಿಜವಾಗಿ ಹೊಸದಾಗಿ ಸೇರಿದ್ದು ಎಂದಿನ ಹಸಿರಿನಲ್ಲಿ ಉಳಿಯುತ್ತದೆ. 'ಬರೀ ಸರಿಸಿದ್ದು' ಎಂದು ಬರೆದ ಕಮಿಟ್‌ನಲ್ಲಿ ನಡುವೆ ಒಂದೇ ಒಂದು ಹಸಿರು ಸಾಲು ಕಂಡರೆ ನಾನು ಮೊದಲು ಅಲ್ಲಿ ನಿಲ್ಲುತ್ತೇನೆ. ದೋಷ ಅಲ್ಲೇ ಹೊಕ್ಕಿರುವ ಸಾಧ್ಯತೆ ಹೆಚ್ಚು.

ಒಂದು ಹೆಜ್ಜೆ ಹಿಂದಿನದು ಸಿಕ್ಕಿತು, ಅದೂ ಇನ್ನೊಂದು ಸ್ಥಳಾಂತರವೇ ಆಗಿದ್ದರೆ? ಆ ಕಮಿಟ್‌ನ ತಂದೆಗೆ, ಅಂದರೆ ಅದರ ಹಿಂದಿನ ಕಮಿಟ್‌ಗೆ, ಬ್ಲೇಮ್ ಕೊಡಿ, ಹಳೆಯ ಕಡತದ ಹೆಸರಿನೊಂದಿಗೆ. ತಂದೆಯನ್ನು ಸೂಚಿಸಲು ಟೋಪಿ ಗುರುತು ಹಾಕುವ ರೂಢಿ ಇದೆ, ಆದರೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ಆ ಟೋಪಿಯನ್ನು ನುಂಗಿಬಿಡುತ್ತದೆ, ನೀವು ನೋಡಿದ ಕಮಿಟ್ಟನ್ನೇ ಮತ್ತೆ ನೋಡುತ್ತಿರುತ್ತೀರಿ. ಟಿಲ್ಡೆ 1 (~1) ಹಾಕುವುದು ಎಲ್ಲ ಕಡೆ ನಡೆಯುತ್ತದೆ.

## ಲಕ್ಷಣ: ಕಡತದ ಲಾಗ್ ಇದ್ದಕ್ಕಿದ್ದಂತೆ ಶುರುವಾಗುತ್ತದೆ

ಎಷ್ಟೋ ವರ್ಷದ ಕೋಡ್, ಲಾಗ್ ನೋಡಿದರೆ ಹೋದ ವರ್ಷದ ಒಂದು ಕಮಿಟ್‌ನಿಂದ ಆಚೆ ಏನೂ ಇಲ್ಲ. ಕಡತದ ಹೆಸರೋ ಫೋಲ್ಡರೋ ಬದಲಾಗಿದೆ. ಗಿಟ್ ಲಾಗ್ --ಫಾಲೋ ಕೊಡಿ. ಒಂದು ಸಲಕ್ಕೆ ಒಂದೇ ಕಡತಕ್ಕೆ ಅದು ನಡೆಯುವುದು.

ಅದಕ್ಕೂ ಸಿಗದಿದ್ದರೆ ಹೆಸರು ಬದಲಿಸಿದ ಕಮಿಟ್‌ನಲ್ಲೇ ಒಳಗಿನದ್ದನ್ನೂ ಹೆಚ್ಚು ತಿದ್ದಿದ್ದಾರೆ. ಎರಡು ಕಡತಗಳು ಶೇ 50ರಷ್ಟಾದರೂ ಹೋಲದಿದ್ದರೆ ಗಿಟ್ ಅದನ್ನು ಹೆಸರು ಬದಲಾವಣೆ ಎಂದು ಒಪ್ಪುವುದಿಲ್ಲ, ಒಂದು ಅಳಿಯಿತು, ಇನ್ನೊಂದು ಹುಟ್ಟಿತು ಎಂದು ತೋರಿಸುತ್ತದೆ. -ಎಂ ಪಕ್ಕದಲ್ಲಿ 30% ಎಂದು ಬರೆದು ಮಿತಿ ಇಳಿಸಿ ನೋಡಿ. ನೂರಾರು ಕಡತ ಒಟ್ಟಿಗೆ ಸರಿದ ಕಮಿಟ್ ಆದರೆ ಹೋಲಿಸುವ ಕೆಲಸ ಹೆಚ್ಚಾಯಿತೆಂದು ಗಿಟ್ ಕೈಬಿಟ್ಟಿರುತ್ತದೆ. ಡಿಫ್.ರಿನೇಮ್‌ಲಿಮಿಟ್ ಏರಿಸಿದರೆ ಸರಿಹೋಗುತ್ತದೆ. ಕಡತ ಸರಿಸುವುದು ಒಂದು ಕಮಿಟ್, ತಿದ್ದುವುದು ಇನ್ನೊಂದು ಎಂದು ತಂಡದಲ್ಲಿ ಕಟ್ಟುನಿಟ್ಟು ಮಾಡಿದರೆ ಈ ಭಾಗದ ಅಗತ್ಯವೇ ಬೀಳುವುದಿಲ್ಲ.

## ಲಕ್ಷಣ: ಬ್ಲೇಮ್ ಎಲ್ಲೆಲ್ಲೋ ಸುತ್ತಿಸುತ್ತದೆ, ಅಥವಾ ಸಾಲೇ ಈಗ ಇಲ್ಲ

ಇರುವ ಸಾಲಿಗಷ್ಟೇ ಬ್ಲೇಮ್ ಉತ್ತರ ಕೊಡಬಲ್ಲದು. ಅಳಿಸಿಹೋದದ್ದನ್ನು, ಹಲವು ಸಲ ಜಾಗ ಬದಲಿಸಿದ್ದನ್ನು ಹುಡುಕಲು ಪಠ್ಯವನ್ನೇ ಹಿಡಿಯಬೇಕು.

ಹರಪನಹಳ್ಳಿಯ ಉದಾಹರಣೆ ತೆಗೆದುಕೊಳ್ಳಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ ಬಂದವು. ಬಳ್ಳಾರಿಯಿಂದ ಹರಪನಹಳ್ಳಿ ಬಂತು. ಆಮೇಲೆ ಅದು ಬಳ್ಳಾರಿಗೆ ವಾಪಸ್ ಹೋಗಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಬಿಲ್ಲಿಂಗ್ ಸಾಫ್ಟ್‌ವೇರಿನ ತಾಲೂಕು ಪಟ್ಟಿಯಲ್ಲಿ ಒಬ್ಬರು ಇದನ್ನು ತಿದ್ದಿರುತ್ತಾರೆ, ಇನ್ನೊಬ್ಬರು ಹಳೆಯ ಪಟ್ಟಿಯನ್ನು ಬೇರೆ ಮಾಡ್ಯೂಲಿಗೆ ಕಾಪಿ ಮಾಡಿಕೊಂಡಿರುತ್ತಾರೆ. ಅಲ್ಲಿನ ರೈತರ ಬಿಲ್ಲಿನಲ್ಲಿ ಒಂದು ಕಡೆ ವಿಜಯನಗರ, ಇನ್ನೊಂದು ಕಡೆ ದಾವಣಗೆರೆ. ಹಳೆಯದು ಯಾವಾಗ, ಎಲ್ಲಿಂದ ನುಸುಳಿತು?

ಗಿಟ್ ಲಾಗ್ -ಎಸ್ "ಹರಪನಹಳ್ಳಿ" --ಆಲ್ --ರಿವರ್ಸ್

ಆ ಪದ ಒಂದು ಕಡತದಲ್ಲಿ ಎಷ್ಟು ಸಲ ಬರುತ್ತದೆ ಎಂಬ ಎಣಿಕೆ ಬದಲಾದ ಕಮಿಟ್‌ಗಳೆಲ್ಲ ಹಳೆಯದರಿಂದ ಹೊಸದರ ಕಡೆಗೆ ಬರುತ್ತವೆ. ಒಂದು ಕಡತದಲ್ಲಿ ಕಡಿಮೆಯಾಗಿ ಇನ್ನೊಂದರಲ್ಲಿ ಹೆಚ್ಚಾಗಿದ್ದರೆ ಅದು ಸ್ಥಳಾಂತರ. ಒಂದರಲ್ಲಿ ಹೆಚ್ಚಾಗಿ ಎಲ್ಲೂ ಕಡಿಮೆಯಾಗದಿದ್ದರೆ ಕಾಪಿ, ಇಲ್ಲವೇ ಹೊಸದು. ಕೊನೆಯಲ್ಲಿ ಕಡತದ ದಾರಿ ಕೊಟ್ಟು ಸೀಮಿತಗೊಳಿಸಬೇಡಿ, ಅರ್ಧ ಕಥೆ ಮಾತ್ರ ಕಾಣುತ್ತದೆ. ಒಂದೇ ಕಡತದೊಳಗೆ ಸರಿದಿದ್ದರೆ ಎಣಿಕೆ ಬದಲಾಗದ ಕಾರಣ -ಎಸ್ ಬಾಯಿ ಬಿಡುವುದಿಲ್ಲ. ಆಗ -ಜಿ ಬಳಸಿ. ಬದಲಾದ ಸಾಲಿನಲ್ಲಿ ಆ ಪದ ಇದ್ದರೆ ಸಾಕು, ತೋರಿಸುತ್ತದೆ. 14ರಂಥ ಚಿಕ್ಕ ಅಂಕಿಯನ್ನು ಹುಡುಕಬೇಡಿ, ಊರೆಲ್ಲ ಬರುತ್ತದೆ. ಪಕ್ಕದಲ್ಲಿರುವ ವಿಶಿಷ್ಟ ಹೆಸರನ್ನು ಹಿಡಿಯಿರಿ.

ಕಣ್ಣಿಗೆ ಕಾಣುವ ಕನ್ನಡ ಪದವೇ ಹುಡುಕಾಟಕ್ಕೆ ಸಿಗದಿದ್ದಾಗ ಗಿಟ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. 'ಜೋಳ'ದ 'ಜೋ'ವನ್ನು ಯೂನಿಕೋಡ್‌ನಲ್ಲಿ ಓಕಾರದ ಒಂದೇ ಸಂಕೇತದಿಂದಲೂ ಬರೆಯಬಹುದು, ಒಕಾರ ಮತ್ತು ದೀರ್ಘದ ಗುರುತು ಸೇರಿಸಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ, ಗಿಟ್‌ಗೆ ಬೇರೆ ಬೇರೆ. ಅರ್ಕಾವತ್ತು ಬೇಡವೆಂದು ರಕಾರದ ಮುಂದೆ ಸೇರಿಸುವ ಕಾಣದ ಅಕ್ಷರದ್ದೂ ಇದೇ ಕಥೆ. ಓಕಾರ, ರಕಾರ ಇಲ್ಲದ ತುಂಡನ್ನು ಹುಡುಕಿ, ಅಥವಾ ಪದವನ್ನು ಕೈಯಲ್ಲಿ ಟೈಪ್ ಮಾಡದೆ ಕಡತದಿಂದಲೇ ಕಾಪಿ ಮಾಡಿ ಕೊಡಿ. ಕಡತದ ಹೆಸರೇ ಕನ್ನಡದಲ್ಲಿದ್ದು ಲಾಗ್‌ನಲ್ಲಿ ಬರೀ ಓರೆಗೆರೆ, ಅಂಕಿ ಕಾಣುತ್ತಿದ್ದರೆ ಕೋರ್.ಕೋಟ್‌ಪಾತ್ ಅನ್ನು ಫಾಲ್ಸ್ ಮಾಡಿ.

ಇಷ್ಟಾದರೂ ಒಂದು ಕಮಿಟ್‌ನಲ್ಲಿ ಇದ್ದ ಸಾಲು ಮುಂದಿನದರಲ್ಲಿ ಮಾಯ, ತೆಗೆದ ಕಮಿಟ್ ಮಾತ್ರ ಸಿಗುತ್ತಿಲ್ಲ ಎಂದರೆ ಮರ್ಜ್ ನೋಡಿ. ಎರಡು ಶಾಖೆ ಸೇರಿಸುವಾಗಿನ ಜಗಳ ಬಿಡಿಸುತ್ತಾ ಕೈಯಲ್ಲಿ ಮಾಡಿದ ಬದಲಾವಣೆ ಮರ್ಜ್ ಕಮಿಟ್‌ನೊಳಗೆ ಅಡಗಿರುತ್ತದೆ. ಲಾಗ್ ಸಾಮಾನ್ಯವಾಗಿ ಅದರ ಒಳಗೆ ಇಣುಕುವುದಿಲ್ಲ. ಅದೇ ಆಜ್ಞೆಗೆ ಚಿಕ್ಕ ಎಂ ಸೇರಿಸಿ ಮತ್ತೆ ಓಡಿಸಿ.

## ಲಕ್ಷಣ: ಜಾಡು 'ಮೊದಲ ಇಂಪೋರ್ಟ್' ಎಂಬಲ್ಲಿ ನಿಂತುಬಿಡುತ್ತದೆ

ಹಳೆಯ ವ್ಯವಸ್ಥೆಯಿಂದ, ಜಿಪ್ ಕಡತದಿಂದ, ಬೇರೆ ರೆಪಾಸಿಟರಿಯಿಂದ (ಕೋಡಿನ ಇನ್ನೊಂದು ಭಂಡಾರದಿಂದ) ಒಟ್ಟಿಗೆ ತಂದು ಸುರಿದ ಕಮಿಟ್ ಇದು. ದೊಡ್ಡವರ ಮನೆಯಲ್ಲೂ ಇದೆ: ಲಿನಕ್ಸ್ ಕರ್ನಲ್‌ನ ಗಿಟ್ ಇತಿಹಾಸ 2005ರ ಏಪ್ರಿಲ್‌ನಲ್ಲಿ 2.6.12-ಆರ್‌ಸಿ2 ಎಂಬ ಒಂದೇ ಕಮಿಟ್‌ನಿಂದ ಶುರುವಾಗುತ್ತದೆ, ಅದಕ್ಕಿಂತ ಹಳೆಯ ಸಾಲಿಗೆಲ್ಲ ಬ್ಲೇಮ್ ಅಲ್ಲಿಗೇ ತಂದು ನಿಲ್ಲಿಸುತ್ತದೆ.

ಕಮಿಟ್ ಸಂದೇಶದ ಕೊನೆ ಓದಿ. ಗಿಟ್-ಎಸ್‌ವಿಎನ್-ಐಡಿ ಎಂಬ ಸಾಲಿದ್ದರೆ ಅದು ಗಿಟ್‌ನಂಥದೇ ಇನ್ನೊಂದು ವ್ಯವಸ್ಥೆಯಾದ ಸಬ್‌ವರ್ಷನ್‌ನಿಂದ ಬಂದದ್ದು, ಅಲ್ಲಿನ ವಿಳಾಸ ಮತ್ತು ಆವೃತ್ತಿ ಸಂಖ್ಯೆ ಅದರಲ್ಲೇ ಇರುತ್ತದೆ. ಬೇರೆ ಗಿಟ್ ರೆಪಾಸಿಟರಿಯಿಂದ ಬಂದಿದ್ದು ಆ ಹಳೆಯದು ಇನ್ನೂ ಕೈಯಲ್ಲಿದ್ದರೆ, ಪ್ರತ್ಯೇಕ ಕ್ಲೋನ್‌ನಲ್ಲಿ ಅದನ್ನು ಇನ್ನೊಂದು ರಿಮೋಟ್ ಆಗಿ ಸೇರಿಸಿ ಫೆಚ್ ಮಾಡಿ. ಸಂಬಂಧವೇ ಇಲ್ಲದ ಎರಡು ಇತಿಹಾಸ ಒಂದೇ ಕ್ಲೋನ್‌ನಲ್ಲಿ ಇರಬಹುದು. ಈಗ --ಆಲ್ ಹಾಕಿ -ಎಸ್ ಓಡಿಸಿದರೆ ಎರಡರಲ್ಲೂ ಹುಡುಕುತ್ತದೆ. ಬ್ಲೇಮ್ ಕೂಡ ಆ ಕಡೆ ದಾಟಬೇಕು ಎಂದರೆ ಗಿಟ್ ರಿಪ್ಲೇಸ್ --ಗ್ರಾಫ್ಟ್ ಬಳಸಿ ಇಲ್ಲಿನ ಮೊದಲ ಕಮಿಟ್‌ಗೆ ಅಲ್ಲಿನ ಕೊನೆಯ ಕಮಿಟ್ಟನ್ನು ತಂದೆಯಾಗಿ ಜೋಡಿಸಿ. ಹಳೆಯ ಕಮಿಟ್ ಹಾಗೇ ಉಳಿಯುತ್ತದೆ, ನೀವಾಗಿ ಪುಷ್ ಮಾಡದ ಹೊರತು ಈ ಜೋಡಣೆ ನಿಮ್ಮ ಯಂತ್ರದಲ್ಲೇ ಇರುತ್ತದೆ.

ಹಳೆಯ ರೆಪಾಸಿಟರಿ ಕೈಯಲ್ಲಿಲ್ಲವೇ? ಆಜ್ಞೆ ಹುಡುಕುವುದನ್ನು ಬಿಟ್ಟು ಹಳಬರಿಗೆ ಫೋನ್ ಮಾಡಿ. ಹಳೆಯ ಕಂಪ್ಯೂಟರಿನ ಡಿಸ್ಕ್, ಗಿರಾಕಿಯ ಸರ್ವರಿನ ಬ್ಯಾಕಪ್ ಎಲ್ಲಿದೆ ಎಂದು ಅವರಿಗೇ ಗೊತ್ತಿರುತ್ತದೆ.

## ನಿಲ್ಲಿಸಿ, ಬೇರೆಯವರನ್ನು ಕರೆಯುವ ಹೊತ್ತು

14 ಯಾಕೆ ಎಂಬುದಕ್ಕೆ ಉತ್ತರ ಕೊಡುವ ಕಮಿಟ್ ಸಂದೇಶವೋ ಅದರ ಜೊತೆಗಿನ ಟಿಕೆಟ್ಟೋ ಸಿಕ್ಕರೆ ಅಲ್ಲಿಗೆ ಕೆಲಸ ಮುಗಿಯಿತು. ಮೊಟ್ಟಮೊದಲು ಬರೆದವರ ಹೆಸರಿನ ತನಕ ಹೋಗಲೇಬೇಕೆಂದಿಲ್ಲ. ಮೆಕ್ಕೆಜೋಳದ ಬೆಂಬಲ ಬೆಲೆ ಖರೀದಿಗೆ ತೇವಾಂಶದ ಮಿತಿ ಶೇ 14. ಮೂಲ ಅದಿರಬಹುದು ಎಂಬ ಊಹೆ ನನಗೂ ಬರುತ್ತದೆ, ಆದರೂ ಸಂದೇಶ ಓದದೆ ಅದನ್ನೇ ಕಾರಣ ಎಂದು ಬರೆದಿಡುವುದಿಲ್ಲ.

ಹಳೆಯ ಕಮಿಟ್‌ನಲ್ಲಿ ಪಾಸ್‌ವರ್ಡ್, ಪಾವತಿ ಗೇಟ್‌ವೇ ಕೀ ಕಂಡರೆ ಹುಡುಕಾಟ ಅಲ್ಲಿಗೇ ನಿಲ್ಲಿಸಿ. ಸಾಲು ಅಳಿಸಿ ಹೊಸ ಕಮಿಟ್ ಮಾಡುವುದರಿಂದ ಅದು ಹೋಗುವುದಿಲ್ಲ. ಮೊದಲು ಆ ಕೀಯನ್ನೇ ಬದಲಿಸಬೇಕು, ಅದು ಸರ್ವರ್ ನೋಡಿಕೊಳ್ಳುವವರ ಕೆಲಸ. ಮೂಲ ಹುಡುಕುತ್ತಾ ಹೋಗಿ ಬೇರೆ ಯಾರದೋ ಪರವಾನಗಿ ತಲೆಬರಹ ಸಿಕ್ಕಿತೆಂದರೆ, ಅದರಲ್ಲೂ ಹಂಚಿದರೆ ಮೂಲ ಕೋಡನ್ನೂ ಕೊಡಬೇಕೆನ್ನುವ ಜಿಪಿಎಲ್ ಪರವಾನಗಿ ಇದ್ದರೆ, ಕೋಡನ್ನು ಇನ್ನೊಂದು ಕಡೆ ಸರಿಸದೆ ಮಾಲೀಕರಿಗೂ ಕಾನೂನು ಬಲ್ಲವರಿಗೂ ತಿಳಿಸಿ.

ಸಂಬಳ, ದಂಡ, ಗಿರಾಕಿಯ ನಷ್ಟ ಇಂಥ ತಕರಾರಿನಲ್ಲಿ ಯಾರಾದರೂ ಬ್ಲೇಮ್‌ನ ಪ್ರಿಂಟ್ ಕೇಳಿದರೆ ಕೊಡುವ ಮುಂಚೆ ಇಷ್ಟು ಹೇಳಿಬಿಡಿ: ಗಿಟ್‌ನಲ್ಲಿರುವ ಹೆಸರು, ಇಮೇಲ್ ಬಳಕೆದಾರ ತಾನೇ ತುಂಬಿದ್ದು, ಯಾರೂ ಪರಿಶೀಲಿಸಿದ್ದಲ್ಲ. ದಿನಾಂಕವನ್ನೂ ಬದಲಿಸಬಹುದು. ಹಲವು ಕಮಿಟ್ಟನ್ನು ಒಂದಾಗಿಸಿ ಸ್ಕ್ವಾಶ್ ಮಾಡಿದ್ದರೆ ಹಲವರ ಕೆಲಸ ಒಬ್ಬರ ಹೆಸರಿಗೆ ಸೇರಿರುತ್ತದೆ. ಕಮಿಟ್‌ಗಳಿಗೆ ಡಿಜಿಟಲ್ ಸಹಿ ಇದೆಯೇ ಎಂದು ಗಿಟ್ ಲಾಗ್ --ಶೋ-ಸಿಗ್ನೇಚರ್ ತೋರಿಸುತ್ತದೆ. ಸಹಿ ಇಲ್ಲದಿದ್ದರೆ ಪುಷ್ ಆದ ಸರ್ವರಿನ ದಾಖಲೆ ನೋಡದೆ ಯಾರ ಮೇಲೂ ಬೆರಳು ತೋರಿಸಲು ಆಗುವುದಿಲ್ಲ, ಆ ದಾಖಲೆ ತೆಗೆಸುವುದು ಸರ್ವರ್ ನಿರ್ವಾಹಕರಿಂದಲೇ ಆಗಬೇಕು.